ಮೂಕಿಯ ಭಾರ

ಭೇರ್ಯದ ಹೊರಗೊಂದು ಕಬ್ಬಿನ ಗದ್ದೆ. ಬದುವಿನ ಪಕ್ಕ ಗಾಡಿ ನಿಂತಿದೆ. ಎತ್ತುಗಳನ್ನು ಬಿಚ್ಚಿ ಆಚೆ ಕಟ್ಟಿದ್ದಾರೆ, ಅವು ಕಬ್ಬಿನ ಸೋಗೆ ಮೇಯುತ್ತಿವೆ. ಮೂಕಿ ನೆಲಕ್ಕೆ ಬೀಳದ ಹಾಗೆ ನೊಗದ ಕೆಳಗೆ ಒಂದು ಕವೆಗೋಲು ಕೊಟ್ಟಿದೆ. ಇಬ್ಬರು ಆಳುಗಳು ಕಬ್ಬಿನ ಹೊರೆ ಹೊತ್ತು ತಂದು ಕೊಡುತ್ತಾರೆ, ಗಾಡಿಯ ಮೇಲೆ ನಿಂತ ಹುಡುಗ ಜೋಡಿಸುತ್ತಾನೆ. ಗಾಡಿ ತುಂಬುತ್ತ ಬಂದಾಗ ಹುಡುಗ ಒಂದು ಹೊರೆಯನ್ನು ಹಿಂದಿನ ತುದಿಗೆ ಎಳೆದ. ಕೆಳಗಿದ್ದ ಯಜಮಾನರು ಕೂಗಿದರು: ‘ಹಿಂದ್ಕೆ ಬ್ಯಾಡ ಕಣ್ಲಾ, ಹಿಂಬಾರ ಆಯ್ತದೆ. ಮುಂದ್ಕೆ ತಳ್ಳು.’

ಹೊರೆ ಮುಂದಕ್ಕೆ ಬಂತು. ಯಜಮಾನರು ನೊಗದ ಕೆಳಗೆ ಬಗ್ಗಿ ಹೆಗಲು ಕೊಟ್ಟು ಮೆಲ್ಲಗೆ ಮೇಲೆದ್ದರು. ಕವೆಗೋಲು ಸಡಿಲವಾಯಿತು. ಎರಡು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತು, ಮತ್ತೆ ಕವೆಗೋಲಿನ ಮೇಲೆ ಇಳಿಸಿ, ‘ಸರಿಹೋಯ್ತು, ಹಗ್ಗ ಬಿಗೀರಿ’ ಅಂದರು.

ಡಿಪ್ಲೊಮಾ ಮಕ್ಕಳಿಗೆ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಹೇಳಿಕೊಡುವಾಗ ಮೊದಲ ದಿನ ನಾನು ಹೇಳುವುದು ಈ ಹೆಗಲಿನ ಕಥೆ. ಆ ಎರಡು ಉಸಿರಿನಲ್ಲಿ ಅವರು ಮಾಡಿದ್ದು ಒಂದು ಅಳತೆ. ಮರುಗಳಿಗೆಯಲ್ಲಿ ಎತ್ತಿನ ಹೆಗಲ ಮೇಲೆ ಬೀಳಲಿರುವ ಭಾರವನ್ನು ತಮ್ಮ ಹೆಗಲ ಮೇಲೆ ಹೊತ್ತು ನೋಡಿದರು. ನಮ್ಮ ಪುಸ್ತಕಗಳಲ್ಲಿ ಅದರ ಹೆಸರು ಆಧಾರದ ಪ್ರತಿಕ್ರಿಯೆ. ಅದನ್ನು ಹೊರದೆ, ಮುಟ್ಟದೆ, ಕಾಗದದ ಮೇಲೆ ಕಂಡುಹಿಡಿಯುವ ವಿದ್ಯೆಯೇ ಸ್ಥಿತಿಶಾಸ್ತ್ರ.

ಅಲುಗದೆ ನಿಂತ ವಸ್ತುವಿನ ಮೇಲೆ ಬಲಗಳೇ ಇಲ್ಲ ಎಂದು ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಏನೂ ನಡೆಯುತ್ತಿಲ್ಲವಲ್ಲ, ಲೆಕ್ಕ ಯಾತಕ್ಕೆ ಎಂಬ ಭಾವ. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲರಾದಾಗ ಹಗ್ಗದ ನಡುವೆ ಕಟ್ಟಿದ ಬಟ್ಟೆ ಕದಲುವುದಿಲ್ಲ. ಹಗ್ಗ ಮಾತ್ರ ಕಿತ್ತುಹೋಗುವಷ್ಟು ಬಿಗಿದಿರುತ್ತದೆ. ಗಾಡಿಯೂ ಹಾಗೆ. ಅದು ನಿಂತಿರುವುದು ಅದರ ಮೇಲಿನ ಬಲಗಳು ಒಂದನ್ನೊಂದು ತೀರಿಸಿಕೊಂಡಿರುವುದರಿಂದ. ಆ ತೀರುವಳಿಗೆ ಎರಡು ಷರತ್ತು: ಮೇಲಕ್ಕೆ ತಳ್ಳುವುದೆಲ್ಲ ಸೇರಿ ಕೆಳಕ್ಕೆ ತಳ್ಳುವುದಕ್ಕೆ ಸಮನಾಗಬೇಕು, ಎಡಬಲಕ್ಕೂ ಇದೇ ಮಾತು; ಮತ್ತು ಯಾವ ಬಿಂದುವಿನಿಂದ ನೋಡಿದರೂ ಒಂದು ಕಡೆಗೆ ತಿರುಗಿಸುವ ಹವಣು ಇನ್ನೊಂದು ಕಡೆಯದಕ್ಕೆ ಸಮನಾಗಬೇಕು. ತಿರುಗಿಸುವ ಹವಣು ಎಂದರೆ ಬಲವನ್ನು ದೂರದಿಂದ ಗುಣಿಸಿದ್ದು. ಪುಸ್ತಕದಲ್ಲಿ ಭ್ರಾಮಕ, ತರಗತಿಯಲ್ಲಿ ಮೊಮೆಂಟ್. ಇಡೀ ಶಾಸ್ತ್ರ ಇಷ್ಟೇ. ಸೂತ್ರ ಕಲಿಯಲು ಅರ್ಧ ಗಂಟೆ ಸಾಕು; ಬಲಗಳನ್ನು ಕಾಣಲು ಕಲಿಯುವುದಕ್ಕೆ ವರ್ಷಗಳು ಬೇಕು.

ಕಾಣುವುದಕ್ಕೆ ಒಂದು ಉಪಾಯವಿದೆ. ನಮಗೆ ಬೇಕಾದ ವಸ್ತುವನ್ನು ಲೋಕದಿಂದ ಬಿಡಿಸಿ ಒಂಟಿಯಾಗಿ ಬರೆಯಬೇಕು. ಗಾಡಿ ಮತ್ತು ಅದರ ಮೇಲಿನ ಕಬ್ಬು, ಅಷ್ಟೇ. ನೆಲ ಬೇಡ, ಕವೆಗೋಲು ಬೇಡ, ಎತ್ತು ಬೇಡ. ಆಮೇಲೆ, ಎಲ್ಲೆಲ್ಲಿ ಏನನ್ನು ಅಳಿಸಿದೆವೋ ಅಲ್ಲೆಲ್ಲ ಒಂದೊಂದು ಬಾಣ ಹಾಕಬೇಕು. ನೆಲವನ್ನು ಅಳಿಸಿದೆವು, ಅದು ಚಕ್ರವನ್ನು ಮೇಲಕ್ಕೆ ತಳ್ಳುತ್ತಿತ್ತು: ಒಂದು ಬಾಣ. ಕವೆಗೋಲನ್ನು ಅಳಿಸಿದೆವು, ಅದು ನೊಗವನ್ನು ಮೇಲಕ್ಕೆ ಎತ್ತುತ್ತಿತ್ತು: ಇನ್ನೊಂದು. ಭೂಮಿಯ ಸೆಳೆತ ಕಣ್ಣಿಗೆ ಕಾಣದಿದ್ದರೂ ಕಬ್ಬನ್ನೂ ಗಾಡಿಯನ್ನೂ ಕೆಳಗೆ ಎಳೆಯುತ್ತಲೇ ಇದೆ: ಅದಕ್ಕೂ ಬಾಣ. ಇದನ್ನೇ ಫ್ರೀ ಬಾಡಿ ಡಯಾಗ್ರಾಮ್ ಎನ್ನುವುದು, ಮಕ್ಕಳ ಬಾಯಲ್ಲಿ ಎಫ್‌ಬಿಡಿ. ನಾನು ತಿದ್ದಿರುವ ಉತ್ತರ ಪತ್ರಿಕೆಗಳಲ್ಲಿ ಗುಣಾಕಾರ ತಪ್ಪಿ ಅಂಕ ಕಳೆದುಕೊಂಡವರು ಕಡಿಮೆ. ಒಂದು ಬಾಣ ಬಿಟ್ಟವರು, ಇಲ್ಲವೇ ಗಾಡಿ ನೆಲದ ಮೇಲೆ ಹಾಕುವ ಬಲವನ್ನು ಗಾಡಿಯ ಮೇಲೆಯೇ ಬರೆದವರು ಹೆಚ್ಚು. ಚಿತ್ರದಲ್ಲಿ ಇರಬೇಕಾದದ್ದು ಗಾಡಿಗೆ ಬೇರೆಯವರು ಮಾಡುತ್ತಿರುವುದು ಮಾತ್ರ. ಗಾಡಿ ಬೇರೆಯವರಿಗೆ ಮಾಡುವುದು ಬೇರೆಯವರ ಚಿತ್ರಕ್ಕೆ ಸೇರಿದ್ದು.

ಈಗ ಲೆಕ್ಕ. ಬಲವನ್ನು ನ್ಯೂಟನ್‌ನಲ್ಲಿ ಹೇಳಬೇಕು ನಿಜ, ಆದರೆ ಗದ್ದೆಯ ಮಾತಿನಂತೆ ಕಿಲೋ ಭಾರ ಎಂದೇ ಹೇಳುತ್ತೇನೆ. ಪರೀಕ್ಷೆಯಲ್ಲಿ ಬರೆಯುವವರು 9.81ರಿಂದ ಗುಣಿಸಿಕೊಳ್ಳಿ. ಗಾಡಿಯಲ್ಲಿ 25 ಕಿಲೋದ 40 ಹೊರೆ, ಒಟ್ಟು 1000 ಕಿಲೋ ಕಬ್ಬು ಇದೆ ಎಂದಿಟ್ಟುಕೊಳ್ಳಿ. ಬರಿಗಾಡಿಯ ಸ್ವಂತ ತೂಕ ಸರಿಯಾಗಿ ಅಚ್ಚಿನ ಮೇಲೇ ಕೂತಿದೆ ಎನ್ನೋಣ, ಆಗ ಅದನ್ನು ಈ ಲೆಕ್ಕದಿಂದ ಬದಿಗಿಡಬಹುದು. ಅಚ್ಚಿನಿಂದ ನೊಗಕ್ಕೆ 300 ಸೆಂಟಿಮೀಟರ್. ಕಬ್ಬಿನ ಗುರುತ್ವಕೇಂದ್ರ ಅಚ್ಚಿಗಿಂತ 15 ಸೆಂಟಿಮೀಟರ್ ಮುಂದೆ.

ಅಚ್ಚಿನ ಮೇಲೆ ನಿಂತು ನೋಡಿ. ಕಬ್ಬು ಮೂಕಿಯನ್ನು ಕೆಳಗೆ ಬಗ್ಗಿಸಲು ನೋಡುತ್ತದೆ: 1000ವನ್ನು 15ರಿಂದ ಗುಣಿಸಿದರೆ 15,000. ಕವೆಗೋಲು ಅದನ್ನು ತಡೆಯುತ್ತದೆ: ಅದರ ಬಲವನ್ನು 300ರಿಂದ ಗುಣಿಸಿದರೆ ಅದೂ 15,000 ಆಗಬೇಕು. ಹಾಗಾದರೆ ಬಲ 50 ಕಿಲೋ. ಯಜಮಾನರು ಹೆಗಲು ಕೊಟ್ಟು ಎತ್ತಿದ್ದು ಅಷ್ಟು. ಎರಡು ಎತ್ತಿಗೆ ಹಂಚಿದರೆ ಹೆಗಲಿಗೆ 25. ಉಳಿದ 950 ಕಿಲೋ ಚಕ್ರದ ಮೂಲಕ ನೆಲಕ್ಕೆ ಇಳಿಯುತ್ತದೆ.

ಆ ಒಂದು ಹೊರೆಗೆ ಅವರು ಅಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ? ಅಚ್ಚಿನ ಮುಂದೆ ಒಂದು ಮೀಟರ್ ದೂರದಲ್ಲಿದ್ದ ಹೊರೆಯನ್ನು ಅಚ್ಚಿನ ಹಿಂದೆ ಒಂದು ಮೀಟರಿಗೆ ಒಯ್ದರೆ, ಬದಲಾಗುವ ಭ್ರಾಮಕ 25ನ್ನು 200ರಿಂದ ಗುಣಿಸಿದ್ದು, ಅಂದರೆ 5000. ನೊಗದ ಮೇಲಿನ ಭಾರ 16.7 ಕಿಲೋ ಇಳಿಯುತ್ತದೆ. ಐವತ್ತು ಇದ್ದದ್ದು ಮೂವತ್ಮೂರಾಯಿತು. 1000 ಕಿಲೋ ಗಾಡಿಯಲ್ಲಿ ಒಂದೇ ಹೊರೆ ಜಾಗ ಬದಲಿಸಿದ್ದಕ್ಕೆ ನೊಗದ ಭಾರದಲ್ಲಿ ಮೂರನೇ ಒಂದು ಪಾಲು ಹೋಯಿತು. ಇಂಥ ಮೂರು ಹೊರೆ ಹಿಂದಕ್ಕೆ ಹೋದರೆ ನೊಗದ ಮೇಲೆ ಏನೂ ಉಳಿಯುವುದಿಲ್ಲ. ನಾಲ್ಕನೆಯದಕ್ಕೆ ಮೂಕಿ ಮೇಲೇಳುತ್ತದೆ.

ಮೂಕಿ ಎದ್ದ ಗಾಡಿಯ ಲೆಕ್ಕವನ್ನು ಮಕ್ಕಳು ಒಮ್ಮೆಯಾದರೂ ಮಾಡಬೇಕು. ಗುರುತ್ವಕೇಂದ್ರ ಅಚ್ಚಿಗಿಂತ 15 ಸೆಂಟಿಮೀಟರ್ ಹಿಂದೆ ಇದೆ ಎನ್ನಿ. ಉತ್ತರ ಋಣ 50 ಎಂದು ಬರುತ್ತದೆ. ಋಣಚಿಹ್ನೆ ಕಂಡಕೂಡಲೇ ತಪ್ಪಾಯಿತೆಂದು ಅಳಿಸುವವರಿದ್ದಾರೆ. ಅಳಿಸಬೇಡಿ, ಅದು ಹೇಳುತ್ತಿರುವುದನ್ನು ಕೇಳಿ. ನೊಗವನ್ನು ಈಗ ಯಾರೋ 50 ಕಿಲೋ ಬಲದಿಂದ ಕೆಳಕ್ಕೆ ಎಳೆದು ಹಿಡಿಯಬೇಕು. ಕವೆಗೋಲಿಗೆ ಅದು ಆಗದು, ಅದು ತಳ್ಳಬಲ್ಲದೇ ಹೊರತು ಎಳೆಯಲಾರದು. ಎತ್ತು ಕಟ್ಟಿದ್ದರೆ ಎಳೆಯುವುದು ಅದರ ಕೊರಳಿಗೆ ಸುತ್ತಿದ ಪಟ್ಟಿ. ಪಟ್ಟಿ ಗಂಟಲನ್ನು ಮೇಲಕ್ಕೆ ಒತ್ತುತ್ತದೆ, ಎತ್ತು ಏದುಸಿರು ಬಿಡುತ್ತದೆ. ಅಷ್ಟೇ ಅಲ್ಲ, ನೆಲದ ಮೇಲೆ ಬೀಳುವುದು ಈಗ 1050 ಕಿಲೋ. ಹೇರಿದ್ದು ಸಾವಿರ, ಅಚ್ಚು ಹೊರುತ್ತಿರುವುದು ಸಾವಿರದ ಐವತ್ತು! ಹೆಚ್ಚಿನ ಐವತ್ತು ಬಂದದ್ದು ಎತ್ತಿನ ಗಂಟಲಿನಿಂದ. ಹೇರಿದ್ದಕ್ಕಿಂತ ಹೆಚ್ಚು ಭಾರವನ್ನು ಅಚ್ಚು ಹೊರಬೇಕಾಗುವುದು ಹೀಗೆ. ಹಿಂಭಾರದ ಗಾಡಿಗೆ ಊರಿನವರು ಹೆದರುವುದರಲ್ಲಿ ಎತ್ತಿನ ಮೇಲಿನ ಕನಿಕರವೂ ಇದೆ, ಅಚ್ಚಿನ ಚಿಂತೆಯೂ ಇದೆ.

ಇದೇ ಗಾಡಿ ಇಳಿಜಾರಿಗೆ ಬಂದರೆ? ಎಚ್.ಡಿ. ಕೋಟೆ ಕಡೆಯ ಏರುತಗ್ಗಿನ ಹಾದಿಯಿಂದ ಬಂದ ಹುಡುಗ ಹುಡುಗಿಯರು ಈ ಪ್ರಶ್ನೆಯನ್ನು ತಾವಾಗಿಯೇ ಕೇಳುತ್ತಾರೆ. ಕಬ್ಬನ್ನು ಎತ್ತರಕ್ಕೆ ಪೇರಿಸಿದ್ದಾರೆ, ಗುರುತ್ವಕೇಂದ್ರ ಅಚ್ಚಿಗಿಂತ 100 ಸೆಂಟಿಮೀಟರ್ ಮೇಲಿದೆ. ನೊಗ ಅಚ್ಚಿನ ಮಟ್ಟದಲ್ಲೇ ಇದೆ ಎಂದುಕೊಳ್ಳಿ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಆ ಕೇಂದ್ರ ಅಚ್ಚಿಗಿಂತ ಇನ್ನೂ ಸುಮಾರು 10 ಸೆಂಟಿಮೀಟರ್ ಮುಂದಕ್ಕೆ ಜರುಗಿದಂತೆ. ಹದಿನೈದು ಇದ್ದದ್ದು ಇಪ್ಪತ್ತೈದು. ನೊಗದ ಭಾರ 50ರಿಂದ 83ಕ್ಕೆ ಏರುತ್ತದೆ. ಅದೇ ಏರು ಹತ್ತುವಾಗ ಹದಿನೈದರಲ್ಲಿ ಹತ್ತು ಹೋಗಿ ಐದು. ನೊಗದ ಮೇಲೆ ಬರೀ 17 ಕಿಲೋ. ಏರು ಇನ್ನೂ ಸ್ವಲ್ಪ ಕಡಿದಾದರೆ ಸಮನೆಲದಲ್ಲಿ ಸರಿಯಾಗಿದ್ದ ಗಾಡಿಯೇ ಮೂಕಿ ಎತ್ತುತ್ತದೆ. ಮೂರು ಊರಿನ ಹಾದಿ ಬಲ್ಲವರು ಗದ್ದೆಯಲ್ಲಿ ನಿಂತೇ ಮುಂದಿನ ದಿಣ್ಣೆಯನ್ನು ನೆನೆದು ಹೊರೆ ಜೋಡಿಸುತ್ತಾರೆ. ಎತ್ತರಕ್ಕೆ ಪೇರಿಸಿದ ಭಾರ ಇಳಿಜಾರನ್ನು ಬೇಗ ಗುರುತಿಸುತ್ತದೆ, ತಗ್ಗಾಗಿ ಹರಡಿದ ಭಾರ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಇನ್ನು ನೊಗ. ಚುಂಚನಕಟ್ಟೆಯಲ್ಲಿ ಜನವರಿಯ ಹೊತ್ತಿಗೆ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ತಳಿಯ ಎತ್ತುಗಳನ್ನು ಜೋಡಿಯಾಗಿ ನಿಲ್ಲಿಸಿ, ಬಾಯಿ ತೆರೆದು ಹಲ್ಲು ಎಣಿಸಿ, ಬೆನ್ನ ಮೇಲೆ ಕೈಯಾಡಿಸಿ ವ್ಯಾಪಾರ ಮಾಡುತ್ತಾರೆ. ಎತ್ತರ, ಬಣ್ಣ, ಕೊಂಬು ಎಲ್ಲ ಹೊಂದಿದ ಜೋಡಿ ಸಿಕ್ಕರೂ ಶಕ್ತಿ ಹೊಂದಿದ ಜೋಡಿ ಸಿಗುವುದು ಕಷ್ಟ. ಒಂದು ಎತ್ತು ಮುಂದೆ, ಒಂದು ಹಿಂದೆ. ಅದಕ್ಕೆ ಪರಿಹಾರ ನೊಗದಲ್ಲೇ ಇದೆ: ನೇಗಿಲಿನ ಈಚನ್ನು ನೊಗದ ನಟ್ಟನಡುವೆ ಕಟ್ಟದೆ, ಬಲವಾದ ಎತ್ತಿನ ಕಡೆಗೆ ತುಸು ಸರಿಸಿ ಕಟ್ಟುವುದು. ಹೆಗಲಿಂದ ಹೆಗಲಿಗೆ 120 ಸೆಂಟಿಮೀಟರ್, ನೇಗಿಲು ಬೇಡುವ ಎಳೆತ 60 ಕಿಲೋ ಎನ್ನಿ. ನಡುವೆ ಕಟ್ಟಿದರೆ ತಲಾ 30. ಬಲವಾದದ್ದರ ಕಡೆಗೆ 6 ಸೆಂಟಿಮೀಟರ್ ಸರಿಸಿದರೆ ತೋಳುಗಳು 54 ಮತ್ತು 66. ಬಲವಾದ ಎತ್ತು 33 ಎಳೆಯುತ್ತದೆ, ಬಡ ಎತ್ತು 27. ಮೂರು ಬೆರಳಗಲದ ಬದಲಾವಣೆ ಇಬ್ಬರನ್ನೂ ಸಮಸಮವಾಗಿ ನಡೆಸುತ್ತದೆ. ತೋಳು ಉದ್ದವಾದವನಿಗೆ ಕೆಲಸ ಹಗುರ ಎಂಬುದು ಗೊತ್ತಿದ್ದರೂ ಬೋರ್ಡಿನ ಮೇಲೆ ನೊಗ ಬರೆದು ಕೇಳಿದರೆ ಅರ್ಧ ತರಗತಿ ಈಚನ್ನು ತಪ್ಪು ಕಡೆಗೆ ಸರಿಸುತ್ತದೆ. ಒಮ್ಮೆ ನೀವೂ ಬರೆದು ನೋಡಿ.

ಸನ್ನೆಯ ಈ ನಿಯಮವನ್ನು ಗಣಿತದ ಮಾತಿನಲ್ಲಿ ಸಾಧಿಸಿದವನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಆರ್ಕಿಮಿಡೀಸ್. ಇಳಿಜಾರಿನ ಮೇಲಿನ ಭಾರವನ್ನು ಬಿಡಿಸಲು ಇನ್ನೂ ಶತಮಾನಗಳೇ ಬೇಕಾದವು. 1586ರಲ್ಲಿ ಸೈಮನ್ ಸ್ಟೆವಿನ್ ಎಂಬ ಫ್ಲೆಮಿಶ್ ಎಂಜಿನಿಯರ್ ಒಂದು ಮುಕ್ಕೋನದ ಮೇಲೆ ಗುಂಡುಗಳ ಸರ ಹೊದಿಸಿದ ಚಿತ್ರ ಬರೆದು ಅದನ್ನು ತೋರಿಸಿದ. ಬಲಗಳನ್ನು ಬಾಣಗಳಂತೆ ಕೂಡಿಸುವ ಕ್ರಮವನ್ನು ಇಡೀ ಶಾಸ್ತ್ರದ ಅಡಿಪಾಯ ಮಾಡಿದ ಪುಸ್ತಕ 1687ರದು, ಫ್ರಾನ್ಸಿನ ವರಿನ್ಯೋನ್ ಬರೆದದ್ದು. ನ್ಯೂಟನ್ನನ ಪ್ರಿನ್ಸಿಪಿಯ ಬಂದದ್ದೂ ಅದೇ ವರ್ಷ. ಎತ್ತು ಹೂಡಿದವರೆಲ್ಲರ ಹೆಗಲಿಗೆ ಗೊತ್ತಿದ್ದ ವಿಷಯ ಕಾಗದಕ್ಕೆ ಇಳಿಯಲು ಇಷ್ಟು ಕಾಲ ಹಿಡಿಯಿತು. ಹಾಗೆಂದು ಹೆಗಲಿನ ಅರಿವೇ ಸಾಕು, ಕಾಗದ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೆಗಲು ಕೊಟ್ಟು ನೋಡಲು ಆಗದ ವಸ್ತುಗಳಿವೆ.

ಅವುಗಳಿಗೆ ಹೋಗುವ ಮೊದಲು ಈ ಲೆಕ್ಕದ ಗಡಿ ಎಲ್ಲಿದೆ ನೋಡೋಣ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗೆ ಹೋದವರಿಗೆ ಸೊಪ್ಪು ಕಟ್ಟಿದ ಕಡ್ಡಿಗಳ ಸಾಲು ನೆನಪಿರುತ್ತದೆ. ಎರಡು ಮರದ ತೊಲೆಗಳ ಮೇಲೆ ಕೂತ ಕಡ್ಡಿಗೆ ಉದ್ದಕ್ಕೂ ಒಂದೇ ಸಮನೆ ಎಲೆ ಕಟ್ಟಿದ್ದರೆ ಎರಡೂ ತುದಿ ಅರ್ಧರ್ಧ ಹೊರುತ್ತವೆ. ಇಷ್ಟು ಸಲೀಸು. ಅದೇ ಕಡ್ಡಿಗೆ ನಡುವೆ ಮೂರನೆಯ ತೊಲೆ ಕೊಟ್ಟರೆ ನಮ್ಮ ಎರಡು ಷರತ್ತುಗಳು ಸಾಲುವುದಿಲ್ಲ. ಕಡ್ಡಿ ಎಷ್ಟು ಬಾಗುತ್ತದೆ, ನಡುವಿನ ತೊಲೆ ಒಂದು ಎಳೆ ತಗ್ಗಿದೆಯೋ ಎತ್ತರವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ಥಿತಿಶಾಸ್ತ್ರದ ಗಡಿ ಅಲ್ಲಿಗೆ ಮುಗಿಯುತ್ತದೆ, ಆಚೆ ವಸ್ತುಗಳ ಬಲಿಮೆಯ ಶಾಸ್ತ್ರ. ಅದು ಮುಂದಿನ ಅಧ್ಯಾಯ.

ಹೆಗಲು ಕೊಡಲಾಗದ ವಸ್ತು ಈ ಸೀಮೆಯ ಕೆಳಗೇ ಇದೆ. ಕೆ.ಆರ್. ನಗರ ದಾಟಿದ ಕಾವೇರಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ, ಕೆಲಸ ಶುರುವಾದ ಕಟ್ಟೆ ಅದು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದರು. ತುಂಬಿದಾಗ ನೀರಿನ ಮಟ್ಟ 124.80 ಅಡಿ, ಸುಮಾರು 38 ಮೀಟರ್. ಕಟ್ಟೆಯ ಉದ್ದದಲ್ಲಿ ಒಂದೇ ಒಂದು ಮೀಟರ್ ಅಗಲದ ಪಟ್ಟಿಯನ್ನು ಬಿಡಿಸಿ ಬರೆದುಕೊಳ್ಳಿ, ಗಾಡಿಯನ್ನು ಬಿಡಿಸಿದ ಹಾಗೆಯೇ.

ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 38 ಟನ್. ಸರಾಸರಿ 19. ಹಾಗಾಗಿ ಆ ಪಟ್ಟಿಯನ್ನು ತಳ್ಳುವ ಬಲ 19ನ್ನು 38ರಿಂದ ಗುಣಿಸಿದ್ದು: 722 ಟನ್. ಒತ್ತಡ ಕೆಳಗೇ ಹೆಚ್ಚಿರುವುದರಿಂದ ಈ ಬಲ ತಳದಿಂದ ಮೂರನೇ ಒಂದು ಪಾಲು ಎತ್ತರದಲ್ಲಿ, ಅಂದರೆ 12.7 ಮೀಟರ್ ಮೇಲೆ ಬೀಳುತ್ತದೆ. ಕಟ್ಟೆಯನ್ನು ಕೆಳಹೊಳೆಯ ಕಡೆಗೆ ಮಗುಚಲು ನೋಡುವ ಭ್ರಾಮಕ 9000 ಟನ್-ಮೀಟರಿಗೂ ಹೆಚ್ಚು. ಅಲ್ಲಿ ತಡೆಯುವವನು ಯಾರು? ಕಲ್ಲಿನ ತೂಕ. ಕನ್ನಂಬಾಡಿ ನಿಂತಿರುವುದು ತನ್ನ ಭಾರದಿಂದ. ಇಂಥವನ್ನು ಗುರುತ್ವ ಅಣೆಕಟ್ಟೆ ಎನ್ನುವುದು ಅದಕ್ಕೇ.

ನೆಟ್ಟಗಿನ ಮುಖ ನೀರಿನ ಕಡೆಗಿರುವ, 38 ಮೀಟರ್ ಎತ್ತರದ ಒಂದು ಮುಕ್ಕೋನದ ಕಟ್ಟೆಯನ್ನು ಮನಸ್ಸಿನಲ್ಲೇ ಕಟ್ಟಿ. ಕಲ್ಲು ನೀರಿಗಿಂತ 2.3 ಪಟ್ಟು ತೂಕ. ನೀರಿನ ತಳ್ಳಾಟ ಮತ್ತು ಕಲ್ಲಿನ ತೂಕ ಎರಡನ್ನೂ ಕೂಡಿಸಿದ ಬಾಣ ತಳದ ನಡುವಿನ ಮೂರನೇ ಭಾಗದೊಳಗೆ ನೆಲ ಸೇರಿದರೆ ಕಟ್ಟೆಯ ನೀರಿನ ಕಡೆಯ ಬುಡ ಬಾಯಿ ಬಿಡುವುದಿಲ್ಲ. ಹಾಗೆ ಆಗಲು ತಳದ ಅಗಲ 25 ಮೀಟರ್ ಸಾಕು ಎಂದು ಲೆಕ್ಕ ಹೇಳುತ್ತದೆ. ತಪ್ಪು ಹುಡುಕಿದರೂ ಸಿಗದ ಲೆಕ್ಕ. ಆದರೆ ಒಂದು ಬಾಣ ಬಿಟ್ಟುಹೋಗಿದೆ.

ಫ್ರಾನ್ಸಿನ ಎಪಿನಾಲ್ ಬಳಿಯ ಬೂಜೆ ಅಣೆಕಟ್ಟೆ 1895ರ ಏಪ್ರಿಲ್‌ನಲ್ಲಿ ಒಡೆದು 80ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕಟ್ಟಿದವರು ನೀರು ಕಟ್ಟೆಯನ್ನು ಪಕ್ಕಕ್ಕೆ ತಳ್ಳುವುದನ್ನು ಲೆಕ್ಕ ಹಾಕಿದ್ದರು. ಅದೇ ನೀರು ತಳದ ಬಿರುಕುಗಳಲ್ಲಿ, ಕಲ್ಲಿನ ಸಂದುಗಳಲ್ಲಿ ನುಗ್ಗಿ ಕಟ್ಟೆಯನ್ನು ಮೇಲಕ್ಕೂ ಎತ್ತುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೇಲಕ್ಕೆ ಎತ್ತುವ ಆ ಬಾಣವನ್ನು, ನೀರಿನ ಕಡೆ ಪೂರ್ತಿ ಒತ್ತಡ, ಆಚೆ ಬದಿಗೆ ಸೊನ್ನೆ ಎಂದು ನಮ್ಮ ಮುಕ್ಕೋನಕ್ಕೆ ಹಾಕಿ ನೋಡಿ. 25 ಮೀಟರ್ ಸಾಲದು, 33 ಬೇಕು. ಎಂಟು ಮೀಟರ್ ಕಲ್ಲು, ಒಂದು ಬಾಣದ ಬೆಲೆ. ಬೂಜೆಯ ನಂತರವೇ ಜಗತ್ತಿನ ಎಂಜಿನಿಯರುಗಳು ಈ ಬಾಣವನ್ನು ಗಂಭೀರವಾಗಿ ಎಣಿಸತೊಡಗಿದ್ದು. ಇಂದಿನ ಅಣೆಕಟ್ಟೆಗಳ ಒಳಗೆ ಓಡಾಡುವ ಸುರಂಗವೂ, ಅಲ್ಲಿ ಜಿನುಗು ನೀರನ್ನು ಹೊರಹಾಕುವ ಕೊಳವೆಗಳೂ ಇರುವುದು ಆ ಎತ್ತುಬಲವನ್ನು ತಗ್ಗಿಸಲಿಕ್ಕೆ.

ಮತ್ತೆ ಭೇರ್ಯದ ರಸ್ತೆಗೆ ಬರುತ್ತೇನೆ. ಕಬ್ಬು ಹೊರುವ ಕೆಲಸ ಈಗ ಹೆಚ್ಚಾಗಿ ಟ್ರ್ಯಾಕ್ಟರಿನದು. ಎರಡು ಚಕ್ರದ ಟ್ರೈಲರ್ ಎಂದರೆ ದೊಡ್ಡ ಗಾಡಿಯೇ. ಅದರ ಮೂಕಿ ಟ್ರ್ಯಾಕ್ಟರಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿದೆ, ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರ್ ಇದೆ. ಈಗ ಟ್ರ್ಯಾಕ್ಟರನ್ನು ಬಿಡಿಸಿ ಬರೆಯಿರಿ. ತೂಕ 2000 ಕಿಲೋ, ಅದರಲ್ಲಿ ಮುಂದಿನ ಚಕ್ರಗಳ ಮೇಲೆ 800. ಮುಂದಿನ ಅಚ್ಚಿಗೂ ಹಿಂದಿನದಕ್ಕೂ 2 ಮೀಟರ್, ಕೊಂಡಿ ಹಿಂದಿನ ಅಚ್ಚಿಗಿಂತ 80 ಸೆಂಟಿಮೀಟರ್ ಹಿಂದೆ. ಟ್ರೈಲರಿನ ಮೂಕಿ ಕೊಂಡಿಯನ್ನು 1000 ಕಿಲೋ ಒತ್ತಿದರೆ ಮುಂದಿನ ಚಕ್ರಗಳಿಂದ 400 ಕಿಲೋ ಕಿತ್ತುಕೊಳ್ಳುತ್ತದೆ. ಇದು ಸಮನೆಲದ ಮಾತು. ಹನ್ನೆರಡಕ್ಕೆ ಒಂದರ ಏರಿನಲ್ಲಿ ಆರು ಟನ್ನಿನ ಟ್ರೈಲರ್ ಕೊಂಡಿಯನ್ನು ಹಿಂದಕ್ಕೆ 500 ಕಿಲೋ ಎಳೆಯುತ್ತದೆ. ಕೊಂಡಿ ನೆಲದಿಂದ ಅರ್ಧ ಮೀಟರ್ ಮೇಲಿದ್ದರೆ ಮುಂದಿನ ಚಕ್ರಗಳಿಂದ ಇನ್ನೂ 125 ಹೋಯಿತು. ಟ್ರ್ಯಾಕ್ಟರಿನ ಸ್ವಂತ ತೂಕವೂ ಹಿಂದಕ್ಕೆ ವಾಲಿ 60ರಷ್ಟು ಕಳೆಯುತ್ತದೆ. ಏರಿನಲ್ಲಿ ಟ್ರೈಲರಿನ ಭಾರವೂ ಹಿಂದಕ್ಕೆ ಜರುಗಿ ಮೂಕಿಯ ಒತ್ತಡ ತುಸು ತಗ್ಗುವುದು ನಿಜ, ಅದನ್ನೂ ಹಿಡಿದರೂ 800ರಲ್ಲಿ ಉಳಿಯುವುದು 300ಕ್ಕಿಂತ ಕಡಿಮೆ. ಸ್ಟೇರಿಂಗ್ ತಿರುಗುತ್ತದೆ, ಟ್ರ್ಯಾಕ್ಟರ್ ತಿರುಗುವುದಿಲ್ಲ. ಒಂದು ಗುಂಡಿಗೆ ಹಿಂದಿನ ಚಕ್ರ ಇಳಿದರೆ, ಹೇರು ಇನ್ನೂ ಹೆಚ್ಚಿದ್ದರೆ, ಮುಂದಿನ ಚಕ್ರಗಳು ನೆಲ ಬಿಡಬಹುದು.

ಈ ಪುಸ್ತಕ ಓದುವ ನಿಮ್ಮಲ್ಲಿ ಹಲವರ ಮನೆಯ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿರುತ್ತದೆ. ಅಣ್ಣನೋ ಚಿಕ್ಕಪ್ಪನೋ ಅದರ ಮೇಲೆ ಕೂರುತ್ತಾರೆ. ಈ ಸಲ ಕಬ್ಬು ಕಡಿಯುವ ಹೊತ್ತಿಗೆ ಅಳತೆ ಟೇಪು, ಪೆನ್ಸಿಲು ಹಿಡಿದು ಅವರ ಜೊತೆ ಗದ್ದೆಗೆ ಹೋಗಿ. ಕೊಂಡಿಯಿಂದ ಅಚ್ಚಿಗೆ ಎಷ್ಟು, ಅಚ್ಚಿನ ಮುಂದೆ ಎಷ್ಟು ಹೊರೆ, ಹಿಂದೆ ಎಷ್ಟು ಎಂದು ಬರೆದುಕೊಳ್ಳಿ, ಬಾಣಗಳನ್ನು ಹಾಕಿ, ಮುಂದಿನ ಚಕ್ರಕ್ಕೆ ಎಷ್ಟು ಉಳಿಯಿತೆಂದು ಲೆಕ್ಕ ಮಾಡಿ ಅವರಿಗೆ ತೋರಿಸಿ. ಹಗ್ಗ ಬಿಗಿಯುವ ಮುಂಚೆ ತೋರಿಸಿ.